ಡಡ್ಲಿ ಬೀದಿಯವರ ನೆಲ

ಬಡಾವಣೆಯಲ್ಲಿ ಒಂದು ಸೈಟು ಖಾಲಿ ಬಿದ್ದರೆ ಏನಾಗುತ್ತದೆಂದು ನಮ್ಮ ಊರುಗಳ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಒಂದು ಪ್ಲಾಸ್ಟಿಕ್ ಚೀಲ, ಮರುವಾರ ಯಾರದೋ ಮನೆ ಒಡೆದ ಇಟ್ಟಿಗೆಚೂರು, ಆಮೇಲೆ ಇಲಿ, ಹೆಗ್ಗಣ. ಅಂಥ ಒಂದೇ ಸೈಟಿಗೆ ನಾವು ಎಷ್ಟೊಂದು ಗೊಣಗುತ್ತೇವೆ! ಅಮೆರಿಕದ ಬಾಸ್ಟನ್ ನಗರದ ಡಡ್ಲಿ ಬೀದಿಯ ಸುತ್ತಮುತ್ತ 1980ರ ದಶಕದ ಆರಂಭದಲ್ಲಿ ಇಂಥವು ಸುಮಾರು 1,300 ಇದ್ದವಂತೆ. ಮಗಳ ಬಾಣಂತನಕ್ಕೆಂದು ಆ ದೇಶಕ್ಕೆ ಹೋಗಿದ್ದಾಗ, ಮಗು ಮಲಗಿದ ಹೊತ್ತಿನಲ್ಲಿ, ಪೀಟರ್ ಮೆಡಾಫ್ ಮತ್ತು ಹಾಲಿ ಸ್ಕ್ಲಾರ್ ಬರೆದ ‘ಸ್ಟ್ರೀಟ್ಸ್ ಆಫ್ ಹೋಪ್’ (1994) ಎಂಬ ಪುಸ್ತಕದಲ್ಲಿ ಈ ಕತೆಯನ್ನು ಓದಿದೆ. ಅಂದಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ.

ಅಷ್ಟು ಸೈಟುಗಳು ತಾವಾಗಿಯೇ ಖಾಲಿಯಾಗಲಿಲ್ಲ. ಅನುಕೂಲವಿದ್ದ ಬಿಳಿಯರು ಹೊರವಲಯಕ್ಕೆ ಹೊರಟುಹೋದರು. ಉಳಿದವರಿಗೆ ಸಾಲ ಕೊಡಲು ಬ್ಯಾಂಕುಗಳು ಒಲ್ಲೆನೆಂದವು. ಬಾಡಿಗೆ ಗಿಟ್ಟದ ಎಷ್ಟೋ ಮನೆಗಳಿಗೆ, ವಿಮೆಯ ಹಣದಾಸೆಗೆ, ಮಾಲೀಕರೇ ಬೆಂಕಿ ಇಡಿಸಿದರು. ಸುಟ್ಟ ಮನೆಗಳನ್ನು ಕೆಡವಿದ ಮೇಲೆ ಬಯಲಾದ ಜಾಗಕ್ಕೆ ಬೇರೆ ಕಡೆಯ ಲಾರಿಗಳು ಬಂದು ಕಸ ಸುರಿದು ಹೋಗುತ್ತಿದ್ದವು. ಅಲ್ಲಿ ಉಳಿದಿದ್ದವರು ಯಾರು? ಕಪ್ಪು ಜನ, ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಸ್ಪ್ಯಾನಿಷ್ ಮಾತಾಡುವವರು, ಒಂದಿಷ್ಟು ಬಡ ಬಿಳಿಯರು.

1984ರಲ್ಲಿ ರೈಲಿ ಫೌಂಡೇಶನ್ ಎಂಬ ದತ್ತಿಸಂಸ್ಥೆಯವರು ಇದನ್ನು ಕಣ್ಣಾರೆ ಕಂಡು ಮರುಗಿದರು. ಅಲ್ಲಿ ಕೆಲಸ ಮಾಡುತ್ತಿದ್ದ ಸಂಘಸಂಸ್ಥೆಗಳನ್ನು ಕೂಡಿಸಿ ಒಂದು ಯೋಜನೆ ಹಾಕಿದರು. ಮರುವರ್ಷ ಅದನ್ನು ಜನರ ಮುಂದಿಟ್ಟರು. ಚಪ್ಪಾಳೆ ಬೀಳಬಹುದೆಂದು ಅವರು ಎಣಿಸಿದ್ದಿರಬೇಕು. ಬಿದ್ದದ್ದು ಪ್ರಶ್ನೆ: ವೇದಿಕೆಯ ಮೇಲೆ ಕೂತಿರುವ ನಿಮ್ಮಲ್ಲಿ ಎಷ್ಟು ಜನ ಇಲ್ಲಿ ವಾಸವಾಗಿದ್ದೀರಿ? ಆಡಳಿತ ಮಂಡಳಿಯ ಪಟ್ಟಿಯಲ್ಲಿ ನಿವಾಸಿಗಳು ಬೆರಳೆಣಿಕೆಯಷ್ಟಿದ್ದರು. ದತ್ತಿಯವರು ಮುನಿಸಿಕೊಂಡು ಎದ್ದು ಹೋಗಲಿಲ್ಲ, ಅದು ಅವರ ದೊಡ್ಡತನವೆಂದೇ ನನ್ನ ಎಣಿಕೆ. ಮಂಡಳಿಯಲ್ಲಿ ನಿವಾಸಿಗಳದೇ ಮೇಲುಗೈ ಇರುವಂತೆ ನಿಯಮ ತಿದ್ದಲಾಯಿತು. ನಾಲ್ಕೂ ಜನಾಂಗಗಳಿಗೆ, ತಲೆ ಎಣಿಸದೆ, ಸಮಸಮ ಸ್ಥಾನ. ಸಭೆಗಳಲ್ಲಿ ಮೂರು ಭಾಷೆ. ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್ ಹುಟ್ಟಿದ್ದು ಹೀಗೆ. ಅದರ ಮೊದಲ ವರ್ಷಗಳಲ್ಲಿ ಅಧ್ಯಕ್ಷೆಯಾಗಿದ್ದ ಷೇ ಮಡ್ಯೂನ್ ಅದೇ ಬಡಾವಣೆಯ ನಿವಾಸಿ.

ದೊಡ್ಡ ಯೋಜನೆಗಳಿಗೆ ಮುಂಚೆ ಅವರು ಕೈ ಹಾಕಿದ್ದು ಕಸಕ್ಕೆ. 1986ರಲ್ಲಿ ‘ನಮ್ಮ ಮೇಲೆ ಸುರಿಯಬೇಡಿ’ ಎಂಬ ಚಳವಳಿ. ಮೇಯರ್ ರೇ ಫ್ಲಿನ್ ಒತ್ತಡಕ್ಕೆ ಮಣಿದು ಅಕ್ರಮ ಕಸದ ಅಡ್ಡೆಗಳನ್ನು ಮುಚ್ಚಿಸಿದರು. ಮನೆಯಂಗಳ ಗುಡಿಸುವವರಿಗೆ ಇದರ ಜಾಣತನ ಬೇಗ ಹೊಳೆಯುತ್ತದೆ. ಕಣ್ಣೆದುರಿನ ರಾಶಿ ಹೋದರೆ ತಾನೆ ಮುಂದಿನ ಮಾತಿಗೆ ನಾಲ್ಕು ಜನ ಸೇರುವುದು?

ಮುಂದಿನ ಮಾತು ನೆಲದ್ದು. ನಡುವಿನ ತ್ರಿಕೋನಾಕಾರದ ಜಾಗದಲ್ಲಿ ಸುಮಾರು 30 ಎಕರೆ ಬಯಲಿತ್ತು. ಅರ್ಧ ನಗರದ್ದು, ಉಳಿದರ್ಧ ಎಲ್ಲೆಲ್ಲೋ ಇದ್ದ ಮಾಲೀಕರದ್ದು. ನಡುನಡುವೆ ಒಂದೊಂದು ತುಂಡು ಬಿಟ್ಟು ಮನೆ ಕಟ್ಟುವುದು ಹೇಗೆ? ಭೂಸ್ವಾಧೀನ ಎಂಬ ಶಬ್ದ ಕೇಳಿದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಅದು ಸರ್ಕಾರ ನಮ್ಮಿಂದ ಕಿತ್ತುಕೊಳ್ಳುವ ಶಬ್ದ. ಡಡ್ಲಿಯವರು ಆ ಅಧಿಕಾರವನ್ನು ನಮಗೇ ಕೊಡಿ ಎಂದು ಕೇಳಿದರು! 1988ರಲ್ಲಿ ಬಾಸ್ಟನ್ ಪುನರಭಿವೃದ್ಧಿ ಪ್ರಾಧಿಕಾರ ಒಪ್ಪಿತು. ಇಂಥ ಅಧಿಕಾರ ಒಂದು ಬಡಾವಣೆಯ ಜನರ ಸಂಘಕ್ಕೆ ಸಿಕ್ಕಿದ್ದು ಆ ದೇಶದಲ್ಲಿ ಅದೇ ಮೊದಲು. ಅದನ್ನು ಬಳಸಿದ್ದು ಖಾಲಿ ಜಾಗಕ್ಕೆ ಮಾತ್ರ, ಜನವಿದ್ದ ಮನೆಗಳ ತಂಟೆಗೆ ಹೋಗಲಿಲ್ಲ. ಹಣಕ್ಕೆ ಫೋರ್ಡ್ ಫೌಂಡೇಶನ್ 1992ರಲ್ಲಿ 20 ಲಕ್ಷ ಡಾಲರ್ ಸಾಲ ಕೊಟ್ಟಿತು.

ಇಷ್ಟಾದ ಮೇಲೆ ಅವರು ಮಾಡಿದ್ದು ನನಗೆ ಮೊದಲು ಜೀರ್ಣವಾಗಲಿಲ್ಲ. ಕಟ್ಟಿದ ಮನೆ ಕೊಂಡವರದು. ಅಡಿಯ ನೆಲ ಮಾತ್ರ ಸಂಘದ ಟ್ರಸ್ಟಿನದೇ, 99 ವರ್ಷದ ಗುತ್ತಿಗೆಗೆ. ಮನೆ ಮಾರಬಹುದು, ಆದರೆ ಬೆಲೆಗೊಂದು ಮಿತಿ, ಕೊಳ್ಳುವವರೂ ಸಾಧಾರಣ ಆದಾಯದವರೇ ಆಗಿರಬೇಕು. ಬಳೆ ಅಡವಿಟ್ಟು ಸೈಟು ಕೊಂಡು, ಬೆಲೆ ಹತ್ತುಪಟ್ಟಾದಾಗ ಹಿಗ್ಗಿದ ಸಂಸಾರದಿಂದ ಬಂದವಳು ನಾನು. ಬಡವರಿಗೆ ಮಾತ್ರ ಆ ಹಿಗ್ಗು ಬೇಡವೆ? ಈ ಪ್ರಶ್ನೆ ನನ್ನಲ್ಲಿ ಈಗಲೂ ಪೂರ್ತಿ ಅಳಿದಿಲ್ಲ. ಆದರೆ ಪೇಟೆ ಹತ್ತಿರದ ನೆಲಕ್ಕೆ ಬೆಲೆ ಏರಿದ ದಿನ ಮೊದಲು ಗಂಟುಮೂಟೆ ಕಟ್ಟುವವರು ಬಾಡಿಗೆಯವರು. ಅವರು ಸುತ್ತಮುತ್ತಲೇ ಉಳಿಯಲೆಂಬುದು ಈ ಲೆಕ್ಕ. 2008ರ ಹೊತ್ತಿಗೆ ಸಾಲ ತೀರಿಸಲಾಗದೆ ಅಮೆರಿಕದ ತುಂಬ ಮನೆಗಳು ಹರಾಜಿಗೆ ಬಂದಾಗ, ಟ್ರಸ್ಟಿನ ನೆಲದ ಮೇಲಿನ ಮನೆಗಳು ಕೈತಪ್ಪಿದ್ದು ತೀರ ಅಪರೂಪ. ಅಂಥ ಮನೆಗಳು ಈಗ ಇನ್ನೂರಕ್ಕೂ ಹೆಚ್ಚಿವೆ, ಜೊತೆಗೆ ಒಂದು ಸಾರ್ವಜನಿಕ ಬಯಲು, ಒಂದು ಗಾಜಿನ ಮನೆ ತೋಟ. ಮಂಡಳಿಗೆ ಚುನಾವಣೆ ನಡೆಯುತ್ತ ಬಂದಿದೆ. ಹದಿಹರೆಯದವರಿಗೂ ಅಲ್ಲಿ ಸ್ಥಾನ ಇಟ್ಟಿದ್ದಾರೆ.