ಊರು ಕಟ್ಟಿದ ಕನ್ನಡ ಸಾಲಿ

ಸಂಘದ ಇಪ್ಪತ್ತೈದು ವರ್ಷಗಳ ಜಮಾ-ಖರ್ಚು ನೋಡುವ ಈ ಶುಭ ಸಂದರ್ಭದಲ್ಲಿ, ಊರಿನ ಇನ್ನೊಂದು ಆಸ್ತಿಯ ವಿಚಾರವನ್ನೂ ಸದಸ್ಯ ಬಾಂಧವರ ಮುಂದೆ ಇಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅದೇ ನಮ್ಮ ಸರಕಾರಿ ಕನ್ನಡ ಸಾಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಸಣ್ಣ ಊರುಗಳಲ್ಲಿ ‘ಹುಡುಗರು ಕಡಿಮಿ ಆಗ್ಯಾರ, ಸಾಲಿ ಉಳೀತೈತೋ ಇಲ್ಲೋ’ ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುತ್ತಿದೆ.

ಹಿಂದಿನದನ್ನು ಸ್ವಲ್ಪ ನೋಡೋಣ. ಇಂಗ್ರಜರ ಕಾಲದಲ್ಲಿ ನಮ್ಮ ಸೀಮೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಶಿಗ್ಗಾಂವಿಗೆ ಬಂಕಾಪುರ ತಾಲೂಕೆಂದೂ ಹಿರೇಕೆರೂರಿಗೆ ಕೋಡ ತಾಲೂಕೆಂದೂ ಹೆಸರಿತ್ತು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. ಆಗ ಅಕ್ಷರವೆಂದರೆ ಮಠದಲ್ಲಿ, ಗುಡಿಯ ಪಡಸಾಲೆಯಲ್ಲಿ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ್ದು. ಅವರ ಸಂಬಳ ಕಾಳು-ಕಡಿ. 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು (1834-1881) ಶ್ರಮಪಟ್ಟು ಈ ಭಾಗದಲ್ಲಿ ಸರಕಾರಿ ಕನ್ನಡ ಸಾಲಿಗಳನ್ನು ಬೆಳೆಸಿದರು. ಶಿಶುವಿನಹಾಳದ ಶರೀಫ ಸಾಹೇಬರೂ ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರೇ. ಮುಂದೆ ಲೋಕಲ್ ಬೋರ್ಡಿನ ಸಾಲಿಗಳು ಬಂದವು. ಮುಲ್ಕಿ ಪಾಸಾದವನಿಗೆ ಊರಲ್ಲಿ ದೊಡ್ಡ ಮರ್ಯಾದೆ.

ಸರಕಾರ ಮಾಸ್ತರರನ್ನು ಕೊಟ್ಟಿತು. ಜಾಗಾ, ಕಲ್ಲು, ತೊಲೆ ಕೊಟ್ಟದ್ದು ಬಹಳ ಕಡೆ ಊರ ಜನವೇ. ದೈವದವರು ಕೂಡಿ ಪಟ್ಟಿ ಎತ್ತಿದರು, ಚಕ್ಕಡಿ ಹೂಡಿ ಮಣ್ಣು ಹೇರಿದರು. ಸಹಕಾರಕ್ಕೂ ಸಾಲಿಗೂ ನಂಟು ಹಳೆಯದು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ್ದು ನಾಡಿಗೇ ಮೇಲ್ಪಂಕ್ತಿ. ಇಂಥ ಸಂಘಗಳಿಗೆ ಕಿರ್ದಿ ಬರೆಯುವವರು ಬೇಕಲ್ಲ! ಅನೇಕ ಹಳ್ಳಿಗಳಲ್ಲಿ ಸಾಲಿ ಮಾಸ್ತರರೇ ಆ ಭಾರ ಹೊತ್ತರು.

ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾದ ವಿ. ಕೃ. ಗೋಕಾಕರು ಸವಣೂರಲ್ಲಿ ಹುಟ್ಟಿದವರು. ಆ ವರದಿಗಾಗಿ ಬೀದಿಗಿಳಿದ ಚಂದ್ರಶೇಖರ ಪಾಟೀಲರು (ಚಂಪಾ) ಅದೇ ತಾಲೂಕಿನ ಹತ್ತಿಮತ್ತೂರಿನವರು. ಇಂಥ ನೆಲದಲ್ಲಿಯೇ ಕನ್ನಡ ಸಾಲಿ ಸೊರಗುವುದು ವಿಚಾರ ಮಾಡಬೇಕಾದ ಸಂಗತಿ.

ಕಾರಣಗಳು ಒಂದೆರಡಲ್ಲ. ಮನೆಗಳಲ್ಲಿ ಮಕ್ಕಳು ಕಡಿಮೆಯಾದರು. ಖಾಸಗಿ ಇಂಗ್ಲಿಷ್ ಸಾಲಿಯ ಬಸ್ಸು ಬಾಗಿಲಿಗೇ ಬಂತು. ಶಿಕ್ಷಣ ಹಕ್ಕು ಕಾಯ್ದೆಯಂತೆ 2012ರಿಂದ ಖಾಸಗಿ ಸಾಲಿಯ ಕಾಲುಭಾಗ ಸೀಟುಗಳ ಫೀಯನ್ನು ಸರಕಾರವೇ ತುಂಬಿತು. ಹತ್ತಿರ ಸರಕಾರಿ ಸಾಲಿ ಇದ್ದಲ್ಲಿ ಈ ಅನುಕೂಲ ಬೇಡವೆಂದು 2019ರಲ್ಲಿ ತಿದ್ದುವ ಹೊತ್ತಿಗೆ ಏಳು ವರ್ಷ ಕಳೆದಿದ್ದವು. 2018ರ ಜುಲೈ ಬಜೆಟ್ಟಿನಲ್ಲಿ 28,847 ಸಾಲಿಗಳನ್ನು ಸಮೀಪದ 8,530 ಸಾಲಿಗಳಲ್ಲಿ ವಿಲೀನ ಮಾಡುವ ಮಾತು ಬಂದಾಗ ನಾಡಿನ ಸಾಹಿತಿಗಳು ಬಲವಾಗಿ ವಿರೋಧಿಸಿದರು.

ತಂದೆ-ತಾಯಿಗಳನ್ನು ದೂರಿ ಫಲವಿಲ್ಲ. ಒಬ್ಬ ಮಾಸ್ತರರು ನಾಲ್ಕು ಇಯತ್ತೆ ಕಲಿಸುವಲ್ಲಿ ಮಗನನ್ನು ಹೇಗೆ ಬಿಟ್ಟಾರು? ಆದರೆ ಸಾಲಿ ಮುಚ್ಚಿದರೆ ಪೆಟ್ಟು ಬೀಳುವುದು ಬಸ್ಸಿನ ಫೀ ಕೊಡಲಾರದವರಿಗೆ. ಕಾಗದದ ಮೇಲೆ ಒಂದು ಕಿಲೋಮೀಟರ್ ಅಂದರೆ ಏನೂ ಅಲ್ಲ. ಹಾನಗಲ್ಲ ಕಡೆಯ ಮಳೆಗಾಲದಲ್ಲಿ, ನಡುವೆ ಒಂದು ಹಳ್ಳ ಬಂದರೆ, ಆರು ವರ್ಷದ ಕೂಸಿಗೆ ಅದು ದೊಡ್ಡ ದಾರಿ. ಹಿರೇಕೆರೂರು ಕಡೆಯ ತಾಂಡಾಗಳದೂ ಇದೇ ಪಾಡು. ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳು. ಮಧ್ಯಾಹ್ನದ ಬಿಸಿಯೂಟ ಹೋಯಿತು, ಅಡುಗೆಯ ತಾಯಂದಿರ ಕೆಲಸ ಹೋಯಿತು. ಆಗಸ್ಟ್ 15ರ ಝಂಡಾ ಎಲ್ಲಿ ಏರಿಸಬೇಕು? ಎಲ್ಲ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂಡುವ ಜಾಗಾ ಊರಲ್ಲಿ ಮತ್ತೆಲ್ಲಿದೆ?

ಒಮ್ಮೆ ಬೀಗ ಬಿದ್ದ ಸಾಲಿಯನ್ನು ತೆರೆಸುವುದು ಕಠಿಣ. 2001ರಿಂದ ಶಾಲಾಭಿವೃದ್ಧಿ ಸಮಿತಿಗಳಿವೆ. ಅವುಗಳ ಸಭೆಗೆ ನಾವೆಲ್ಲ ಹೋಗಿ ಕೂಡಬೇಕು, ಖಾಲಿ ಇರುವ ಮಾಸ್ತರರ ಜಾಗಾ ತುಂಬಿರೆಂದು ಕೇಳಬೇಕು. ಸಂಘದ ಲಾಭದಲ್ಲಿ ಸಾರ್ವಜನಿಕ ಕಾರ್ಯಕ್ಕೆ ತೆಗೆದಿಡುವ ಪಾಲಿನಲ್ಲಿ ಸಾಲಿಗೂ ಒಂದಿಷ್ಟು ಸಲ್ಲಲಿ. ಶೇರು ಹಣವನ್ನು ಕಾಯ್ದ ಹಾಗೆಯೇ ಹಿರಿಯರು ಕಟ್ಟಿದ ಸಾಲಿಯನ್ನೂ ಕಾಯುವುದು ನಮ್ಮ ಪಾಲಿಗೆ ಬಂದ ಸಹಕಾರವೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ.