ಮಾಲಿಬ್ಡಿನಂ ನೀಲಿಯ ಕಥೆ

ವಸ್ತುವೊಂದನ್ನು ಬಳಸಿಕೊಳ್ಳುವುದು ಬೇರೆ. ಅದು ಏನೆಂದು ಅರಿತುಕೊಳ್ಳುವುದು ಬೇರೆ. ಈ ಎರಡರ ನಡುವಣ ಅಂತರ ಕೆಲವೊಮ್ಮೆ ಒಂದು ತಲೆಮಾರಿನದು; ಕೆಲವೊಮ್ಮೆ ಶತಮಾನಗಳದು. ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ನನಗೆ ಮೊದಲು ನೆನಪಾಗುವ ನಿದರ್ಶನ ‘ಮಾಲಿಬ್ಡಿನಂ ನೀಲಿ’ ಎಂಬ ಬಣ್ಣ. ಈ ನೀಲಿಯ ಕುಟುಂಬ ಜಗತ್ತಿನ ಪ್ರಯೋಗಶಾಲೆಗಳಲ್ಲಿ ರಕ್ತವನ್ನು ಪರೀಕ್ಷಿಸಿತು, ಹೊಲದ ಮಣ್ಣನ್ನು ಅಳೆಯಿತು, ಕಡಲ ನೀರನ್ನೂ ಬಿಡಲಿಲ್ಲ. ಆದರೆ ಆ ಕುಟುಂಬದ ಹಿರಿಯನ ನಿಜವಾದ ಆಕಾರವನ್ನು 1995ರವರೆಗೆ ಯಾರೂ ಕಂಡಿರಲಿಲ್ಲ.

ಕಥೆ ಆರಂಭವಾಗುವುದು ಸ್ವೀಡನ್ ದೇಶದಲ್ಲಿ. ಕಪ್ಪಗೆ ಹೊಳೆಯುವ, ಕಾಗದದ ಮೇಲೆ ಗೆರೆ ಮೂಡಿಸುವ ಮೃದುವಾದ ಖನಿಜವೊಂದನ್ನು ಜನ ಬಹುಕಾಲ ಸೀಸದ ಅದಿರೆಂದೋ ಗ್ರಾಫೈಟ್ ಎಂದೋ ಭಾವಿಸಿದ್ದರು. ಮಾಲಿಬ್ಡಿನಂ ಎಂಬ ಹೆಸರು ಬಂದದ್ದೇ ಸೀಸ ಎಂಬರ್ಥದ ಗ್ರೀಕ್ ಪದದಿಂದ. ಕಾರ್ಲ್ ವಿಲ್‌ಹೆಲ್ಮ್ ಶೀಲೆ ಎಂಬ ಔಷಧ ವ್ಯಾಪಾರಿ 1778ರಲ್ಲಿ ಈ ಖನಿಜವನ್ನು ನೈಟ್ರಿಕ್ ಆಮ್ಲದೊಡನೆ ಕಾಯಿಸಿದ. ಗ್ರಾಫೈಟ್ ಆಗಿದ್ದರೆ ಅದು ಹಾಗೆಯೇ ಉಳಿಯಬೇಕಿತ್ತು. ಉಳಿದದ್ದು ಬಿಳಿಯ ಪುಡಿ. ಅದೇ ಮಾಲಿಬ್ಡಿನಂ ಆಕ್ಸೈಡ್. ಮೂರು ವರ್ಷಗಳ ಬಳಿಕ, 1781ರಲ್ಲಿ, ಅವನ ಮಿತ್ರ ಪೀಟರ್ ಯಾಕೋಬ್ ಯೆಲ್ಮ್ ಆ ಪುಡಿಯಿಂದ ಲೋಹವನ್ನು ಬೇರ್ಪಡಿಸಿದ. ಬಿಳಿಯ ಪುಡಿಯ ದ್ರಾವಣಕ್ಕೆ ಆಮ್ಲ ಬೆರೆಸಿ ತುಸು ಅಪಕರ್ಷಿಸಿದರೆ, ಎಂದರೆ ಎಲೆಕ್ಟ್ರಾನುಗಳನ್ನು ಒದಗಿಸಿದರೆ, ಅದು ಗಾಢವಾದ ನೀಲಿಗೆ ತಿರುಗುವುದನ್ನು ಶೀಲೆ ಆಗಲೇ ಗಮನಿಸಿದ್ದ.

ಮುಂದಿನ ಹೆಜ್ಜೆಯೂ ಸ್ವೀಡನ್ನಿನದೇ. 1826ರಲ್ಲಿ ಬರ್ಜೀಲಿಯಸ್ ಅಮೋನಿಯಂ ಮಾಲಿಬ್ಡೇಟಿನ ಆಮ್ಲೀಯ ದ್ರಾವಣಕ್ಕೆ ಫಾಸ್ಫೇಟನ್ನು ಸೇರಿಸಿ ಹಳದಿಯ ಒತ್ತರವನ್ನು ಪಡೆದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲವಣಗಳನ್ನು ಪರೀಕ್ಷಿಸುತ್ತಿದ್ದ ದಿನಗಳಲ್ಲಿ ಆ ಹಳದಿಯನ್ನು ಕಂಡು ‘ಫಾಸ್ಫೇಟ್ ಇದೆ’ ಎಂದು ಬರೆದುಕೊಂಡವರಲ್ಲಿ ನಾನೂ ಒಬ್ಬ. ಆ ಹಳದಿಯ ಒಳಗೆ ಪರಮಾಣುಗಳು ಹೇಗೆ ಕುಳಿತಿವೆಯೆಂದು ನಾವು ಕೇಳಲಿಲ್ಲ. ಬರ್ಜೀಲಿಯಸ್ ಕೇಳಿದ್ದರೂ ಅವನ ಕಾಲದಲ್ಲಿ ಉತ್ತರಿಸುವ ಸಾಧನವಿರಲಿಲ್ಲ.

ಸಾಧನ ಬಂದದ್ದು ಕ್ಷ-ಕಿರಣಗಳ ರೂಪದಲ್ಲಿ. ಮ್ಯಾಂಚೆಸ್ಟರಿನಲ್ಲಿ ಜೆ. ಎಫ್. ಕೆಗಿನ್ 1933ರಲ್ಲಿ, ಮಾಲಿಬ್ಡಿನಮ್ಮಿನ ಸೋದರ ಧಾತುವಾದ ಟಂಗ್‌ಸ್ಟನ್ನಿನ ಇಂಥದೇ ಸಂಯುಕ್ತದ ರಚನೆಯನ್ನು ಬಿಡಿಸಿ ತೋರಿಸಿದ. ನಡುವೆ ಒಂದು ರಂಜಕದ ಪರಮಾಣು; ಅದರ ಸುತ್ತ ಹನ್ನೆರಡು ಅಷ್ಟಮುಖಿಗಳು. ಒಂದೊಂದು ಅಷ್ಟಮುಖಿಯ ಆರು ಮೂಲೆಗಳಲ್ಲಿಯೂ ಆಮ್ಲಜನಕ, ಒಡಲಲ್ಲಿ ಲೋಹ. ಬರ್ಜೀಲಿಯಸನ ಹಳದಿಯದೂ ಇದೇ ವಿನ್ಯಾಸ. ಇಲ್ಲಿಂದ ಈ ಸಂಯುಕ್ತಗಳ ನಿರ್ಮಾಣಸೂತ್ರ ಹೊಳೆಯಿತು. ಕ್ಷಾರೀಯ ದ್ರಾವಣದಲ್ಲಿ ಒಂದು ಮಾಲಿಬ್ಡಿನಮ್ಮಿಗೆ ನಾಲ್ಕು ಆಮ್ಲಜನಕಗಳಿದ್ದು, ಪ್ರತಿಯೊಂದು ಘಟಕವೂ ಒಂಟಿಯಾಗಿ ಇರುತ್ತದೆ. ಆಮ್ಲವನ್ನು ಹನಿಹನಿಯಾಗಿ ಸೇರಿಸಿದಂತೆಲ್ಲ ಅವು ನೀರನ್ನು ಕಳಚಿ, ಮೂಲೆಗೆ ಮೂಲೆಯನ್ನೂ ಅಂಚಿಗೆ ಅಂಚನ್ನೂ ಹೊಂದಿಸಿಕೊಂಡು ಕೂಡಿಕೊಳ್ಳುತ್ತವೆ: ಮೊದಲು ಏಳು, ಆಮೇಲೆ ಎಂಟು, ಆಮ್ಲ ಬಹಳ ಹೆಚ್ಚಾದರೆ ಮೂವತ್ತಾರು.

ಈ ನಡುವೆ ಬಳಕೆ ತಿಳಿವಳಿಕೆಯನ್ನು ಹಿಂದಿಕ್ಕಿ ಓಡುತ್ತಿತ್ತು. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡಿಗೆ ಹೋದ ಯಲ್ಲಾಪ್ರಗಡ ಸುಬ್ಬರಾವ್, ಸೈರಸ್ ಫಿಸ್ಕ್ ಅವರೊಡನೆ ಸೇರಿ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಬರ್ಜೀಲಿಯಸನ ಫಾಸ್ಫೇಟ್ ಸಂಯುಕ್ತವನ್ನು ಅಪಕರ್ಷಿಸಿದರೆ ನೀಲಿ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಸ್ನಾಯುವಿನ ರಸವನ್ನು ಹೀಗೆ ಪರೀಕ್ಷಿಸುವಾಗ ಬಣ್ಣ ಒಮ್ಮೆಗೇ ಬಾರದೆ ನಿಧಾನವಾಗಿ ಏರುವುದನ್ನು ಅವರು ಕಂಡರು. ಇನ್ನೊಬ್ಬರು ಅದನ್ನು ವಿಧಾನದ ದೋಷವೆಂದು ತಳ್ಳಿಹಾಕಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆ ವಿಳಂಬದ ಬೆನ್ನುಹತ್ತಿ 1927ರಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ಶಕ್ತಿಸಂಚಯದ ಪದಾರ್ಥವನ್ನು ಕಂಡುಹಿಡಿದರು. ನಮ್ಮ ಮಲೆನಾಡಿನ ಹುಳಿಮಣ್ಣಿಗೆ ಅನ್ವಯಿಸುವ ಬ್ರೇ ವಿಧಾನ, ಬಯಲುಸೀಮೆಯ ಕರಿಮಣ್ಣಿಗೆ ಅನ್ವಯಿಸುವ ಓಲ್ಸನ್ ವಿಧಾನ, ಎರಡರಲ್ಲಿಯೂ ರೈತನಿಗೆ ಎಷ್ಟು ರಂಜಕದ ಗೊಬ್ಬರ ಬೇಕೆಂದು ಹೇಳುವುದು ಇದೇ ಬಗೆಯ ನೀಲಿ.

ಫಾಸ್ಫೇಟ್ ಬೆರೆಯದ ಶೀಲೆಯ ಮೂಲ ನೀಲಿ ಮಾತ್ರ ಒಗಟಾಗಿಯೇ ಉಳಿಯಿತು. ಕ್ಷ-ಕಿರಣಗಳಿಂದ ರಚನೆಯನ್ನು ತಿಳಿಯಲು ಉತ್ತಮವಾದ ಸ್ಫಟಿಕ ಬೇಕು. ಈ ನೀಲಿಯಾದರೋ ನೀರಿನಲ್ಲಿ ಅತಿಯಾಗಿ ಕರಗಿಬಿಡುತ್ತದೆ. ಸ್ಫಟಿಕವಾಗಲು ಸುಲಭವಾಗಿ ಒಪ್ಪುವುದಿಲ್ಲ. ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದ ಆಖಿಂ ಮ್ಯೂಲರ್ ಮತ್ತು ಸಂಗಡಿಗರು ಕೊನೆಗೂ ಅದನ್ನು ಸ್ಫಟಿಕಕ್ಕೆ ಇಳಿಸಿ, 1995ರಲ್ಲಿ ಚಿತ್ರವನ್ನು ಪ್ರಕಟಿಸಿದರು. ಅದೊಂದು ಗಾಲಿ! ಹನ್ನೊಂದು ಮಾಲಿಬ್ಡಿನಂ ಪರಮಾಣುಗಳ ತುಂಡುಗಳು ಹದಿನಾಲ್ಕು. ಒಟ್ಟು 154 ಪರಮಾಣುಗಳು, ಬಡಗಿ ಬಂಡಿಯ ಗಾಲಿಗೆ ಮರದ ತುಂಡುಗಳನ್ನು ಸುತ್ತ ಹೊಂದಿಸುವಂತೆ ಜೋಡಣೆಗೊಂಡಿವೆ. ಇಡೀ ಗಾಲಿಯ ವ್ಯಾಸ ಸುಮಾರು ಮೂರೂವರೆ ನ್ಯಾನೋಮೀಟರ್. ಅಂಥ ಮೂರು ಲಕ್ಷ ಗಾಲಿಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು. ಒದಗಿಸಿದ ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ನೆರೆಹೊರೆಗೆ ದಾಟಬಲ್ಲವು. ಆ ದಾಟಿಗೆ ಬೇಕಾದ ಶಕ್ತಿಯನ್ನು ಅವು ಬೆಳಕಿನ ಕೆಂಪು ಭಾಗದಿಂದ ಹೀರುತ್ತವೆ. ನಮ್ಮ ಕಣ್ಣಿಗೆ ಉಳಿಯುವುದು ನೀಲಿ.

ರಚನೆ ತಿಳಿದ ಮೇಲೂ ಒಂದು ಪ್ರಶ್ನೆ ಉಳಿದಿತ್ತು: ಯಾವ ಬಡಗಿಯೂ ಇಲ್ಲದ ಗಾಜಿನ ಪಾತ್ರೆಯಲ್ಲಿ ನೂರೈವತ್ತು ಪರಮಾಣುಗಳು ದಾರಿ ತಪ್ಪದೆ ವೃತ್ತವಾಗಿ ಮುಚ್ಚಿಕೊಳ್ಳುವುದು ಹೇಗೆ? ಗ್ಲಾಸ್ಗೋದ ಲೀ ಕ್ರೋನಿನ್ ಅವರ ತಂಡ, ಮ್ಯೂಲರ್ ಅವರೂ ಜೊತೆಗೂಡಿ, ದ್ರಾವಣಗಳನ್ನು ನಿಲ್ಲಗೊಡದೆ ನಿರಂತರವಾಗಿ ಹರಿಯಿಸುತ್ತ ಈ ಸಂಶ್ಲೇಷಣೆಯನ್ನು ನಡುದಾರಿಯಲ್ಲಿಯೇ ಹಿಡಿದು 2010ರಲ್ಲಿ ಉತ್ತರಿಸಿತು. ನಾನು ಮೇಲೆ ಹೇಳಿದ ಮೂವತ್ತಾರರ ಗುಂಪು ಗಾಲಿಯ ನಡುವೆ ಕುಳಿತಿರುವುದು ಅವರಿಗೆ ಕಂಡಿತು. ಕಮಾನು ಕಟ್ಟುವವರು ಒಳಗೆ ಮರದ ಅಚ್ಚನ್ನು ನಿಲ್ಲಿಸಿ, ಕಮಾನು ಕೂಡಿದ ಮೇಲೆ ಅದನ್ನು ತೆಗೆದುಬಿಡುತ್ತಾರಲ್ಲವೇ? ಹಾಗೆಯೇ ಈ ಅಚ್ಚು ಗಾಲಿ ಪೂರ್ಣವಾದೊಡನೆ ಹೊರಬಿದ್ದುಹೋಗುತ್ತದೆ.

ಶೀಲೆಯಿಂದ ಇಲ್ಲಿಯವರೆಗೆ ಲೆಕ್ಕ ಹಾಕಿದರೆ 232 ವರ್ಷಗಳು. ಅರಿಯದೆ ಬಳಸಿದವರನ್ನು ನಾವು ಆಕ್ಷೇಪಿಸುವಂತಿಲ್ಲ. ಅವರು ಬಳಸದಿದ್ದರೆ ಸ್ನಾಯುವಿನ ರಹಸ್ಯ ಇನ್ನಷ್ಟು ಕಾಲ ಮುಚ್ಚಿಯೇ ಇರುತ್ತಿತ್ತು. ಆದರೆ ಉಪಯೋಗ ದೊರೆತ ಮಾತ್ರಕ್ಕೆ ಪ್ರಶ್ನೆ ಮುಗಿಯಿತೆಂದು ಎಲ್ಲರೂ ಸುಮ್ಮನಾಗಿದ್ದರೆ, ಆ ಗಾಲಿ ಶೀಲೆಯ ಪಾತ್ರೆಯಲ್ಲಿದ್ದಂತೆಯೇ ಇಂದಿಗೂ ಯಾರಿಗೂ ಕಾಣದೆ ಕರಗಿಕೊಂಡಿರುತ್ತಿತ್ತು.