ಅಜ್ಜನ ಗಡಿಯಾರಕ್ಕೆ ವಯಸ್ಸೆಷ್ಟು?



ನಮ್ಮ ಅನೇಕ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಸರಪಳಿ ಇರುವ ಜೇಬು ಗಡಿಯಾರವೊಂದು ಇಂದಿಗೂ ಇದೆ. ಅದು ನಿಂತು ಎಷ್ಟೋ ವರ್ಷಗಳಾಗಿರುತ್ತವೆ. ಕೇಳಿದರೆ "ಇದು ಟಿಪ್ಪು ಸುಲ್ತಾನರ ಕಾಲದ್ದು" ಎನ್ನುತ್ತಾರೆ ಒಬ್ಬರು. "ಬ್ರಿಟಿಷ್ ಕಲೆಕ್ಟರು ಮುತ್ತಜ್ಜನಿಗೆ ಕೊಟ್ಟದ್ದು" ಎನ್ನುತ್ತಾರೆ ಇನ್ನೊಬ್ಬರು. ಮತ್ತೊಂದು ಮನೆಯಲ್ಲಿ ಅಂತಹದೇ ಗಡಿಯಾರವನ್ನು ಬೆಳ್ಳಿಯ ತೂಕಕ್ಕೆ ಮಾರಿಬಿಡುತ್ತಾರೆ. ಇಲ್ಲದ ಇತಿಹಾಸವನ್ನು ಅಂಟಿಸುವುದೂ ನಷ್ಟ, ಇರುವ ಇತಿಹಾಸವನ್ನು ಕರಗಿಸುವುದೂ ನಷ್ಟ. ಗಡಿಯಾರ ತನ್ನ ವಯಸ್ಸನ್ನು ತಾನೇ ಹೇಳಬಲ್ಲದು. ಅದನ್ನು ಕೇಳುವ ಕ್ರಮ ನಮಗೆ ತಿಳಿದಿರಬೇಕು.

ಹೆಸರನ್ನು ನಂಬಬೇಡಿ

ಎಲ್ಲರೂ ಮೊದಲು ನೋಡುವುದು ಡಯಲ್ ಮೇಲಿನ ಹೆಸರನ್ನು. ಆದರೆ ಅದು ಅನೇಕ ಬಾರಿ ತಯಾರಕರ ಹೆಸರಲ್ಲ, ಮಾರಿದವರ ಹೆಸರು. ಫಾವ್ರ್ ಲ್ಯೂಬಾ ಸಂಸ್ಥೆ 1865ರಲ್ಲಿ ಮುಂಬಯಿಗೆ ಬಂತು. 1886ರಲ್ಲಿ ವೆಸ್ಟ್ ಎಂಡ್ ವಾಚ್ ಕಂಪೆನಿ ಬಂತು. ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಗಡಿಯಾರಗಳು ಇವುಗಳ ಮೂಲಕ ನಮ್ಮ ದೇಶದ ಊರೂರಿಗೆ ತಲುಪಿದವು. ವೆಸ್ಟ್ ಎಂಡ್ ಗಡಿಯಾರಗಳಲ್ಲಿ 'ಕ್ವೀನ್ ಆನ್' ಎಂಬ ಒಂದು ಬಗೆ ಇತ್ತು. ಇಂಗ್ಲೆಂಡಿನ ಆನ್ ರಾಣಿ ತೀರಿಕೊಂಡದ್ದು 1714ರಲ್ಲಿ. ಆ ಹೆಸರು ಕಂಡು ಗಡಿಯಾರಕ್ಕೆ ಮುನ್ನೂರು ವರ್ಷವೆಂದು ಲೆಕ್ಕ ಹಾಕಿದರೆ ತಪ್ಪಾಯಿತು. ಕಂಪೆನಿಯೇ 1886ರದ್ದಾದ ಮೇಲೆ ಗಡಿಯಾರ ಅದಕ್ಕಿಂತ ಹಳೆಯದಾಗುವುದು ಹೇಗೆ?

ಕೀ ಕೊಡುವ ಬಗೆ

ಎರಡನೆಯದಾಗಿ, ಅದಕ್ಕೆ ಕೀ ಕೊಡುವುದು ಹೇಗೆಂದು ನೋಡಿ. ಹಿಂದೆ ಗಡಿಯಾರಕ್ಕೆ ಪ್ರತ್ಯೇಕವಾದ ಸಣ್ಣ ಕೀಲಿಕೈ ಇರುತ್ತಿತ್ತು. ಮೇಲಿನ ಗುಂಡಿಯನ್ನು ತಿರುಗಿಸಿ ಕೀ ಕೊಡುವ, ಅದರಿಂದಲೇ ಮುಳ್ಳುಗಳನ್ನೂ ಹೊಂದಿಸುವ ವ್ಯವಸ್ಥೆಯನ್ನು 1840ರ ದಶಕದಲ್ಲಿ ರೂಪಿಸಿದವರು ಫ್ರಾನ್ಸಿನ ಆಡ್ರಿಯೆನ್ ಫಿಲಿಪ್. ಅದು ಸಾಮಾನ್ಯ ಬಳಕೆಗೆ ಬರಲು ಇನ್ನೂ ಕೆಲವು ದಶಕಗಳು ಹಿಡಿದವು. ಟಿಪ್ಪು ಹುತಾತ್ಮರಾದದ್ದು 1799ರಲ್ಲಿ. ಗುಂಡಿ ತಿರುಗಿಸುವ ಗಡಿಯಾರ ಅವರ ಕಾಲದ್ದಾಗಿರಲು ಸಾಧ್ಯವಿಲ್ಲ ಎಂಬುದು ಇಷ್ಟರಿಂದಲೇ ತಿಳಿಯಿತು. ಆದರೆ ಕೀಲಿಕೈಯ ರಂಧ್ರವಿದ್ದ ಮಾತ್ರಕ್ಕೆ ಅದು ಟಿಪ್ಪುವಿನ ಕಾಲದ್ದೆಂದೂ ಹೇಳಲಾಗದು. ಅಂತಹ ಗಡಿಯಾರಗಳು 19ನೇ ಶತಮಾನದ ಕೊನೆಯವರೆಗೂ ತಯಾರಾಗುತ್ತಿದ್ದವು.

ಕವಚದ ಮುದ್ರೆಗಳು

ಮೂರನೆಯ ಸಾಕ್ಷಿ ಕವಚದ ಒಳಭಾಗದಲ್ಲಿದೆ. ಭೂತಗನ್ನಡಿ ಹಿಡಿದು ನೋಡಿ. ನಡೆಯುತ್ತಿರುವ ಸಿಂಹದ ಮುದ್ರೆ ಇದ್ದರೆ ಅದು ಇಂಗ್ಲೆಂಡಿನಲ್ಲಿ ಪರೀಕ್ಷೆಗೊಳಗಾದ, ಶೇಕಡಾ 92.5 ಶುದ್ಧತೆಯ ಬೆಳ್ಳಿ. ಪಕ್ಕದಲ್ಲಿ ಚಿರತೆಯ ತಲೆ ಇದ್ದರೆ ಲಂಡನ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಖಡ್ಗದ ಜೊತೆ ಗೋಧಿಯ ಮೂರು ಸಿವುಡುಗಳಿದ್ದರೆ ಚೆಸ್ಟರ್. ಜೊತೆಗಿರುವ ಒಂದು ಅಕ್ಷರ ಪರೀಕ್ಷೆ ನಡೆದ ವರ್ಷವನ್ನು ಸೂಚಿಸುತ್ತದೆ. ಅದೇ ಅಕ್ಷರ ಹಲವು ವರ್ಷಗಳ ನಂತರ ಬೇರೆ ಬರಹದಲ್ಲಿ, ಬೇರೆ ಚೌಕಟ್ಟಿನಲ್ಲಿ ಮತ್ತೆ ಬರುತ್ತದೆ. ಆದ್ದರಿಂದ ಅದರ ಆಕಾರವನ್ನೂ ಪಟ್ಟಿಯೊಂದಿಗೆ ಹೋಲಿಸಬೇಕು. 'ಸ್ವಿಸ್ ಮೇಡ್' ಎಂಬ ಬರಹವಿದ್ದರೆ ಗಡಿಯಾರ ಸಾಮಾನ್ಯವಾಗಿ 1890ರ ಆಸುಪಾಸಿನದು ಅಥವಾ ಅನಂತರದ್ದು. ಆಮದು ವಸ್ತುಗಳ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಕಾಯ್ದೆ ಮಾಡಿದ ಮೇಲೆ ಆ ರೂಢಿ ಬೆಳೆಯಿತು. ಕವಚದ ಮೇಲೆ 1889ರ ಪ್ಯಾರಿಸ್ ಪ್ರದರ್ಶನದ ಪದಕದ ಚಿತ್ರವಿದ್ದರೆ ಗಡಿಯಾರ ಆ ವರ್ಷಕ್ಕಿಂತ ಹಿಂದಿನದಲ್ಲ.

ಡಯಲಿನ ಅಂಕಿಗಳು

ಕೆಲವು ಗಡಿಯಾರಗಳಲ್ಲಿ ಅರಬಿ ಲಿಪಿಯ ಅಂಕಿಗಳಿರುತ್ತವೆ. ಉರ್ದು ಓದಬಲ್ಲವರಿಗೆ ಅವು ಸುಲಭವಾಗಿ ತಿಳಿಯುತ್ತವೆ. ಹಾಗೆಂದು ಅದು ಇಸ್ತಾಂಬುಲಿನಲ್ಲಿ ತಯಾರಾದದ್ದೆಂದು ಭಾವಿಸಬೇಡಿ. ಉಸ್ಮಾನಿ ತುರ್ಕರ ಮಾರುಕಟ್ಟೆಗೆಂದೇ ಲಂಡನ್ನಿನ ಜಾರ್ಜ್ ಪ್ರಯರ್ ಮೊದಲಾದವರು ಇಂತಹ ಗಡಿಯಾರಗಳನ್ನು ಮಾಡುತ್ತಿದ್ದರು. ಮುಂದೆ ಸ್ವಿಸ್ ಕಾರ್ಖಾನೆಗಳೂ ಮಾಡಿದವು. ಅಲ್ಲಿ ಸೂರ್ಯಾಸ್ತಕ್ಕೆ ಗಡಿಯಾರವನ್ನು 12 ಗಂಟೆಗೆ ಹೊಂದಿಸುವ ಪದ್ಧತಿಯಿತ್ತು. ಟರ್ಕಿ ಆ ಪದ್ಧತಿಯನ್ನು 1926ರ ಆರಂಭದಲ್ಲಿ ಬಿಟ್ಟಿತು. 1928ರಲ್ಲಿ ಅಂಕಿಗಳನ್ನೂ ಬದಲಾಯಿಸಿತು. ಟರ್ಕಿಗಾಗಿ ತಯಾರಾದ ಇಂತಹ ಡಯಲುಗಳು ಸಾಮಾನ್ಯವಾಗಿ ಅದಕ್ಕೂ ಹಿಂದಿನವು.

ಯಂತ್ರದ ಸಂಖ್ಯೆ

ಕೊನೆಯದು ಯಂತ್ರದ ಮೇಲೆ ಕೊರೆದ ಸಂಖ್ಯೆ. ಕವಚದ ಸಂಖ್ಯೆ ಬೇರೆ, ಯಂತ್ರದ ಸಂಖ್ಯೆ ಬೇರೆ ಎಂಬುದು ನೆನಪಿರಲಿ. ಅಮೆರಿಕದ ವಾಲ್ತಮ್ ಕಂಪೆನಿಯ ಗಡಿಯಾರಗಳನ್ನು ಈ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಅಬ್ರಹಾಂ ಲಿಂಕನ್ನರ ವಾಲ್ತಮ್ ಗಡಿಯಾರದ ಸಂಖ್ಯೆ 67613. ಅದು 1863ರಲ್ಲಿ ತಯಾರಾದದ್ದು. ಕವಚಕ್ಕೂ ಯಂತ್ರಕ್ಕೂ ಕಾಲ ಹೊಂದದಿದ್ದರೆ ಯಾರೋ ಒಂದನ್ನು ಬದಲಿಸಿದ್ದಾರೆಂದು ತಿಳಿಯಬೇಕು. ಬೆಳ್ಳಿಬಂಗಾರದ ಆಸೆಗೆ ಕವಚವನ್ನು ಕರಗಿಸಿ ಯಂತ್ರಕ್ಕೆ ಬೇರೆ ಕವಚ ತೊಡಿಸಿದ್ದೂ ಉಂಟು.

ನಾವು ಮಾಡಬೇಕಾದುದು

ಇಷ್ಟು ಸಾಕ್ಷಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಲ್ಲಕ್ಕಿಂತ ಈಚಿನ ಸಾಕ್ಷಿ ಯಾವುದೋ, ಈಗಿರುವ ರೂಪದಲ್ಲಿ ಗಡಿಯಾರ ಅದಕ್ಕಿಂತ ಹಳೆಯದಲ್ಲ. ಇತಿಹಾಸದ ವಿದ್ಯಾರ್ಥಿ ಶಾಸನವನ್ನೋ ನಾಣ್ಯವನ್ನೋ ಪರೀಕ್ಷಿಸುವ ಕ್ರಮವೂ ಇದೇ. ಕವಚವನ್ನು ಚಾಕುವಿನಿಂದ ಮೀಟಬೇಡಿ, ಅನುಭವಸ್ಥ ಗಡಿಯಾರ ರಿಪೇರಿಯವರಿಂದ ತೆರೆಸಿ. ಹೊಳಪಿಗಾಗಿ ತಿಕ್ಕಬೇಡಿ, ಮುದ್ರೆಗಳು ಸವೆದರೆ ಸಾಕ್ಷಿಯೇ ಹೋಯಿತು. ಕತ್ತಲಲ್ಲಿ ಹೊಳೆಯುವಂತೆ ಬಣ್ಣ ಹಚ್ಚಿದ ಹಳೆಯ ಡಯಲುಗಳಲ್ಲಿ ರೇಡಿಯಂ ಇರಬಹುದು, ಅವನ್ನು ಮುಟ್ಟಿ ಕೆರೆಯಬೇಡಿ. ಮನೆಯ ಹಿರಿಯರು ಹೇಳುವುದನ್ನು ಅವರ ಹೆಸರು, ದಿನಾಂಕ ಸಹಿತ ಬರೆದಿಡಿ. ಆದರೆ ಹೇಳಿಕೆಯನ್ನು ಹೇಳಿಕೆಯೆಂದೇ ಬರೆಯಿರಿ, ಸಾಬೀತಾದದ್ದನ್ನು ಸಾಬೀತಾದದ್ದೆಂದು ಬರೆಯಿರಿ.

ಗಡಿಯಾರ ಟಿಪ್ಪುವಿನ ಕಾಲದ್ದಲ್ಲ ಎಂದು ತಿಳಿದರೆ ಬೇಸರಪಡಬೇಡಿ. ಅದು 1910ರದ್ದೆಂದು ತಿಳಿದರೆ ಆಗ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಆ ಕಾಲದಲ್ಲಿ ನಮ್ಮ ಮುತ್ತಜ್ಜ ಯಾವ ಊರಿನಲ್ಲಿ, ಯಾವ ದುಡಿಮೆಯಿಂದ ಇದನ್ನು ಕೊಂಡರು? ಮುಂಬಯಿಗೆ ಹೋಗಿದ್ದರೇ, ರಂಗೂನಿಗೆ ಹೋಗಿದ್ದರೇ? ಸುಲ್ತಾನರ ಇತಿಹಾಸವನ್ನು ಬರೆದವರು ಅನೇಕರಿದ್ದಾರೆ. ನಿಮ್ಮ ಮುತ್ತಜ್ಜನ ಇತಿಹಾಸವನ್ನು ನೀವೇ ಬರೆಯಬೇಕು.